ಹಗುರ ಲ್ಯಾಪ್‌ಟಾಪು, ಭಾರದ ಚೀಲ

ಲ್ಯಾಪ್‌ಟಾಪ್ ಜಾಹೀರಾತಿನಲ್ಲಿ ತೂಕದ ಅಂಕಿ ದಪ್ಪ ಅಕ್ಷರದಲ್ಲಿರುತ್ತದೆ. 980 ಗ್ರಾಂ ಎಂದು ಒಬ್ಬರು, 907 ಗ್ರಾಂ ಎಂದು ಇನ್ನೊಬ್ಬರು. ಅಂಕಿಯೇನೋ ಸುಳ್ಳಲ್ಲ, ಆದರೆ ಊರು ಬಿಟ್ಟು ಹೊರಟವರ ಹೆಗಲ ಮೇಲೆ ಬೀಳುವ ಭಾರವೇ ಬೇರೆ. ಯಂತ್ರದ ಜೊತೆ ಚಾರ್ಜರ್ ಹೊರಡುತ್ತದೆ. ಪಕ್ಕದಲ್ಲಿ ಇರುವುದು ಬರೀ ಎರಡು ಯುಎಸ್‌ಬಿ-ಸಿ ಕಿಂಡಿಯಾದರೆ ಪೆನ್‌ಡ್ರೈವ್‌ಗೊಂದು, ಪ್ರೊಜೆಕ್ಟರ್‌ಗೊಂದು ಡಾಂಗಲ್ ಸೇರಿಕೊಳ್ಳುತ್ತದೆ. ಬ್ಯಾಟರಿ ಮಧ್ಯಾಹ್ನದ ಊಟದ ಹೊತ್ತಿಗೇ ಸುಸ್ತಾಗುವಂಥದ್ದಾದರೆ ಪವರ್ ಬ್ಯಾಂಕ್. ಟಚ್‌ಪ್ಯಾಡ್ ಕೈಗೆ ಒಗ್ಗದಿದ್ದರೆ ಮೌಸ್. ಕಿಲೋಗಿಂತ ಕಡಿಮೆ ಎಂದು ಕೊಂಡದ್ದು ಎರಡು ಕಿಲೋ ಹತ್ತಿರ ಬಂದು ನಿಂತಿರುತ್ತದೆ. ತಕ್ಕಡಿಗೆ ಹಾಕಬೇಕಾದ್ದು ಚೀಲವನ್ನು.

ಪ್ರಯಾಣಕ್ಕೆ ಎಂಥ ಪುಟ್ಟ ಲ್ಯಾಪ್‌ಟಾಪ್ ಇರಬೇಕು ಎಂಬ ಚರ್ಚೆಗೆ ನಲವತ್ತು ವರ್ಷ ದಾಟಿದೆ. ಅಷ್ಟೂ ವರ್ಷಗಳ ಯಂತ್ರಗಳನ್ನು ಸಾಲಾಗಿಟ್ಟು ನೋಡಿದರೆ ನನಗೆ ಕಾಣುವುದಿಷ್ಟು: ತೂಕ ಇಳಿದಾಗಲೆಲ್ಲ ಏನೋ ಒಂದನ್ನು ಬಿಟ್ಟುಕೊಟ್ಟಿದ್ದೇವೆ, ಇತ್ತೀಚೆಗೆ ಬಿಟ್ಟುಕೊಟ್ಟಿರುವುದು ತಳ ಬಿಚ್ಚಿ ಕೈಯಾಡಿಸುವ ಸ್ವಾತಂತ್ರ್ಯವನ್ನು. ದಾರಿಯಲ್ಲಿರುವವರಿಗೆ ಇನ್ನೂರು ಗ್ರಾಂ ಉಳಿತಾಯಕ್ಕಿಂತ ಆ ಸ್ವಾತಂತ್ರ್ಯವೇ ಹೆಚ್ಚು ಬೆಲೆಯದು ಎಂಬುದು ನನ್ನ ಪಕ್ಷ. ಎದುರು ಪಕ್ಷದಲ್ಲೂ ಗಟ್ಟಿ ವಾದಗಳಿವೆ, ಅವು ಮುಂದೆ ಬರುತ್ತವೆ.

1981ರಲ್ಲಿ ಆಸ್ಬೋರ್ನ್-1 ‘ಹೊತ್ತೊಯ್ಯಬಹುದಾದ ಕಂಪ್ಯೂಟರ್’ ಎಂದೇ ಮಾರಾಟವಾಯಿತು. ತೂಕ ಸುಮಾರು 11 ಕಿಲೋ, ಪರದೆ 5 ಇಂಚು, ಬ್ಯಾಟರಿ ಇಲ್ಲವೇ ಇಲ್ಲ. ವಿಮಾನದ ಸೀಟಿನಡಿ ತೂರುತ್ತದೆ ಎಂಬುದೇ ಅದರ ಹೆಗ್ಗಳಿಕೆ. ನಿಜವಾಗಿ ಕೈಚೀಲಕ್ಕೆ ಇಳಿದದ್ದು ಎಪ್ಸನ್‌ನ ಎಚ್‌ಎಕ್ಸ್-20, ಅದರ ಬೆನ್ನಿಗೇ ಬಂದ 1983ರ ಟಿಆರ್‌ಎಸ್-80 ಮಾಡೆಲ್ 100. ಈ ಎರಡನೆಯದನ್ನು ಜಪಾನಿನ ಕ್ಯೋಸೆರಾ ತಯಾರಿಸಿತು, ಅಮೆರಿಕದಲ್ಲಿ ರೇಡಿಯೋ ಶ್ಯಾಕ್ ಮಾರಿತು. ಒಳಗಿನ ಸಾಫ್ಟ್‌ವೇರ್ ಬರೆಯುವುದರಲ್ಲಿ ಬಿಲ್ ಗೇಟ್ಸ್ ಸ್ವತಃ ಪಾಲ್ಗೊಂಡಿದ್ದರು. ಪರದೆಯಲ್ಲಿ ಕಾಣುತ್ತಿದ್ದದ್ದು ಸಾಲಿಗೆ 40 ಅಕ್ಷರದಂತೆ ಎಂಟೇ ಸಾಲು. ಆದರೆ ಗುಂಡಿ ಒತ್ತಿದ ಕ್ಷಣ ಎಚ್ಚರಗೊಳ್ಳುತ್ತಿತ್ತು, ನಾಲ್ಕು ಪೆನ್‌ಸೆಲ್ ಹಾಕಿದರೆ ಇಪ್ಪತ್ತು ಗಂಟೆಯ ಆಸುಪಾಸು ಓಡುತ್ತಿತ್ತು. ಒಳಗೇ ಮೋಡೆಮ್ ಇತ್ತು. ಆಟದ ಮೈದಾನದಿಂದಲೋ ಹೋಟೆಲ್ ಕೋಣೆಯಿಂದಲೋ ಫೋನ್ ತಂತಿಯ ಮೂಲಕ ವರದಿ ಕಳಿಸುತ್ತಿದ್ದ ಅಮೆರಿಕದ ಪತ್ರಕರ್ತರು ಅದನ್ನು ಬಿಟ್ಟುಕೊಡಲು ಬಹಳ ಕಾಲ ಒಪ್ಪಲಿಲ್ಲ. ಒಪ್ಪದಿದ್ದುದರಲ್ಲಿ ಅರ್ಥವಿದೆ. ಪೆನ್‌ಸೆಲ್ ಸಿಗದ ಊರೇ ಇಲ್ಲ. ಈಗಿನ ಯಾವ ಲ್ಯಾಪ್‌ಟಾಪಿನ ಬ್ಯಾಟರಿಯೂ ಬಸ್‌ಸ್ಟ್ಯಾಂಡ್ ಪಕ್ಕದ ಕಿರಾಣಿ ಅಂಗಡಿಯಲ್ಲಿ ಸಿಗುವುದಿಲ್ಲ.

ಪೆನ್‌ಸೆಲ್ ಪರಂಪರೆಯ ಕೊನೆಯ ಕುಡಿಗಳಲ್ಲಿ ಒಂದು 1994ರ ಎಚ್‌ಪಿ 200ಎಲ್‌ಎಕ್ಸ್. ಅಂಗೈಯಗಲದ ಯಂತ್ರ, ಎರಡು ಸೆಲ್, ಒಳಗೆ ಪೂರ್ತಿ ಡಾಸ್. ಜನ ಅದರ ಹೊಟ್ಟೆ ಸೀಳಿ ಮೆಮರಿ ಹೆಚ್ಚಿಸಿಕೊಂಡರು, ಗಡಿಯಾರದ ಕ್ರಿಸ್ಟಲ್ ಬದಲಿಸಿ ವೇಗ ಇಮ್ಮಡಿ ಮಾಡಿಕೊಂಡರು. ಸಣ್ಣ ಯಂತ್ರ ಕೊಂಡವರಿಗೆ ಅದನ್ನು ಬಿಚ್ಚುವ ಚಪಲ ಹುಟ್ಟುವುದು ಅಂದಿನಿಂದಲೇ ಇದೆ. 1996ರಲ್ಲಿ ತೋಶಿಬಾ ಜಪಾನಿನಲ್ಲಿ 840 ಗ್ರಾಂನ ಲಿಬ್ರೆಟೊ ತಂದಿತು. 6.1 ಇಂಚಿನ ಪರದೆಯಲ್ಲಿ ಪೂರ್ಣ ವಿಂಡೋಸ್! ಬೆಂಗಳೂರಿನಲ್ಲೂ ಒಂದು ಪ್ರಯೋಗ ನಡೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ರೂಪಿಸಿದ ಸಿಂಪ್ಯೂಟರ್ 2004ರಲ್ಲಿ ‘ಅಮಿಡಾ’ ಹೆಸರಿನಲ್ಲಿ ಬಿಇಎಲ್‌ನಲ್ಲಿ ತಯಾರಾಗಿ ಮಾರುಕಟ್ಟೆಗೆ ಬಂತು. ಲ್ಯಾಪ್‌ಟಾಪ್ ಎನ್ನಲಾಗದು, ಕೀಲಿಮಣೆಯೇ ಇಲ್ಲದ ಜೇಬಿನ ಕಂಪ್ಯೂಟರ್ ಅದು. ಐಫೋನ್ ಹುಟ್ಟುವ ಮೊದಲೇ, ಕೈಯಲ್ಲಿ ಹಿಡಿದು ಓರೆ ಮಾಡಿದರೆ ಆ ಓರೆ ಅದಕ್ಕೆ ತಿಳಿಯುತ್ತಿತ್ತು. ವ್ಯಾಪಾರ ಮಾತ್ರ ಕುದುರಲಿಲ್ಲ.

ಸಣ್ಣ ಲ್ಯಾಪ್‌ಟಾಪ್ ಜನಸಾಮಾನ್ಯರ ಕೈಗೆ ಬಂದದ್ದು 2007ರ ಅಕ್ಟೋಬರ್‌ನಲ್ಲಿ, ಆಸುಸ್‌ನ ಈಪಿಸಿ 701 ಬಂದಾಗ. ಏಳಿಂಚಿನ ಪರದೆ, 512 ಎಂಬಿ ಮೆಮರಿ, 4 ಜಿಬಿ ಸಂಗ್ರಹ, ಮುಕ್ಕಾಲು ಪಾಲು ಆಟಿಕೆಯಂಥ ರೂಪ, ತೂಕ 920 ಗ್ರಾಂ ಆಸುಪಾಸು. ತಿರುಗುವ ಡಿಸ್ಕ್ ಇಲ್ಲದ್ದರಿಂದ ಬಸ್ಸಿನ ಕುಲುಕಾಟಕ್ಕೆ ಹೆದರಬೇಕಿರಲಿಲ್ಲ. ಒಳಗೆ ವಿಂಡೋಸ್ ಬದಲು ಲಿನಕ್ಸ್. 900 ಮೆಗಾಹರ್ಟ್ಸ್‌ನ ಸೆಲೆರಾನ್ ಪ್ರೊಸೆಸರನ್ನು ಕಂಪನಿ 630ಕ್ಕೆ ಇಳಿಸಿ ಕೂರಿಸಿತ್ತು. ಬಳಕೆದಾರರು ಅದನ್ನು ಮತ್ತೆ 900ಕ್ಕೆ ಏರಿಸಿದರು. ತಳದಲ್ಲಿ ಎರಡು ಸ್ಕ್ರೂವಿನ ಪುಟ್ಟ ಬಾಗಿಲು, ಅದರ ಹಿಂದೆ ಮೆಮರಿ. ಸ್ಕ್ರೂ ಮೇಲೆ ‘ಬಿಚ್ಚಿದರೆ ವಾರಂಟಿ ಇಲ್ಲ’ ಎಂಬ ಸ್ಟಿಕ್ಕರ್ ಅಂಟಿಸಿ ಕಂಪನಿ ಬೈಸಿಕೊಂಡಿತು. ಜನ ಅದರೊಳಗೆ ಟಚ್‌ಸ್ಕ್ರೀನ್, ಬ್ಲೂಟೂತ್, ಇನ್ನೊಂದು ಪೆನ್‌ಡ್ರೈವ್ ಎಲ್ಲವನ್ನೂ ಬೆಸುಗೆ ಹಾಕಿ ತುರುಕಿದರು.

ಬಳಸಿದವರಿಗೆ ಅದರ ಕಾಟವೂ ಗೊತ್ತು. ಪರದೆಯ ಎತ್ತರ ಬರೀ 480 ಚುಕ್ಕೆ. ಸೆಟ್ಟಿಂಗ್ ಕಿಟಕಿ ತೆರೆದರೆ ಕೆಳಗಿನ ‘ಓಕೆ’ ಗುಂಡಿ ಪರದೆಯಾಚೆ ಉಳಿಯುತ್ತಿತ್ತು. ಆಲ್ಟ್ ಕೀಲಿ ಒತ್ತಿ ಹಿಡಿದು ಇಡೀ ಕಿಟಕಿಯನ್ನು ಮೇಲಕ್ಕೆ ಎಳೆದ ಮೇಲೆ ಗುಂಡಿಯ ದರ್ಶನ. ಏಳಿಂಚಿನ ಯಂತ್ರವನ್ನು ಹತ್ತಿಂಚಿನದು ನುಂಗಲು ಈ ಕಾಟವೇ ಸಾಕಾಯಿತು. ಏಸರ್, ಎಂಎಸ್‌ಐ, ಡೆಲ್ ಎಲ್ಲರೂ ಬಂದರು, 2008ರ ಹೊತ್ತಿಗೆ ‘ನೆಟ್‌ಬುಕ್’ ಒಂದು ಜಾತಿಯೇ ಆಯಿತು. ಡೆಲ್‌ನ ಮಿನಿ 9ರಲ್ಲಿ ಫ್ಯಾನ್ ಕೂಡ ಇರಲಿಲ್ಲ. ಹುಡುಗರು ಅದರಲ್ಲಿ ಆಪಲ್‌ನ ಮ್ಯಾಕ್ ಓಎಸ್ ಓಡಿಸಿ ಸಂಭ್ರಮಿಸಿದರು.

ನೆಟ್‌ಬುಕ್ ಸತ್ತದ್ದೇಕೆ? ಐಪ್ಯಾಡ್ ಕೊಂದಿತು ಎಂದು ಎಲ್ಲರೂ ಹೇಳುತ್ತಾರೆ. 2010ರಲ್ಲಿ ಐಪ್ಯಾಡ್ ಬಂದದ್ದೂ ನಿಜ, 2013 ಹುಟ್ಟುವಷ್ಟರಲ್ಲಿ ಆಸುಸ್, ಏಸರ್ ಎರಡೂ ನೆಟ್‌ಬುಕ್ ಕೈಬಿಟ್ಟದ್ದೂ ನಿಜ. ನನ್ನ ಲೆಕ್ಕದಲ್ಲಿ ಮೊದಲ ಪೆಟ್ಟು ಬಿದ್ದದ್ದು ಅದಕ್ಕೂ ಮುಂಚೆ. ಲಿನಕ್ಸ್ ಹಬ್ಬುವುದನ್ನು ತಡೆಯಲು ಮೈಕ್ರೋಸಾಫ್ಟ್ ಈ ಸಣ್ಣ ಯಂತ್ರಗಳಿಗೆ ವಿಂಡೋಸ್ ಎಕ್ಸ್‌ಪಿಯನ್ನು ಅಗ್ಗದಲ್ಲಿ ಕೊಟ್ಟಿತು, ಜೊತೆಗೆ ಮೆಮರಿ 1 ಜಿಬಿ ಮೀರಬಾರದು, ಪರದೆ ಇಂತಿಷ್ಟೇ ಇರಬೇಕು ಎಂದು ಷರತ್ತನ್ನೂ ಹಾಕಿತು. ದುಬಾರಿ ಲ್ಯಾಪ್‌ಟಾಪಿನ ವ್ಯಾಪಾರ ಕೆಡಬಾರದಲ್ಲ! ಹೀಗೆ ಬೆಳೆಯಲು ಬಿಡದೆ ಕುಬ್ಜವಾಗಿಟ್ಟ ಯಂತ್ರವನ್ನು ಜನ ‘ನಿಧಾನ’ ಎಂದು ಬೈದು ಬಿಟ್ಟರು.

ಇನ್ನೊಂದು ದಾರಿ 2008ರ ಜನವರಿಯಲ್ಲೇ ತೆರೆದಿತ್ತು. ಸ್ಟೀವ್ ಜಾಬ್ಸ್ ವೇದಿಕೆಯ ಮೇಲೆ ಕಂದು ಲಕೋಟೆಯೊಳಗಿಂದ ಮ್ಯಾಕ್‌ಬುಕ್ ಏರ್ ಎಳೆದು ತೋರಿಸಿದರು. 1.36 ಕಿಲೋ, ಪೂರ್ಣ ಗಾತ್ರದ ಕೀಲಿಮಣೆ, ಒಂದೇ ಒಂದು ಯುಎಸ್‌ಬಿ ಕಿಂಡಿ. ಮೆಮರಿಯನ್ನು ಬೋರ್ಡಿಗೇ ಬೆಸೆದಿದ್ದರು. ಕೊಳ್ಳುವ ದಿನ ಎಷ್ಟಿತ್ತೋ ಕೊನೆಯವರೆಗೂ ಅಷ್ಟೇ. 2011ರಲ್ಲಿ ಇಂಟೆಲ್ ‘ಅಲ್ಟ್ರಾಬುಕ್’ ಎಂಬ ಹೆಸರಿಟ್ಟು ಉಳಿದ ಕಂಪನಿಗಳನ್ನೂ ಇದೇ ದಾರಿಗೆ ತಂದಿತು. 2015ರ 12 ಇಂಚಿನ ಮ್ಯಾಕ್‌ಬುಕ್ 920 ಗ್ರಾಂಗೆ ಇಳಿಯಿತು. ಚಾರ್ಜಿಂಗ್‌ಗೂ ಪೆನ್‌ಡ್ರೈವ್‌ಗೂ ಸೇರಿ ಒಂದೇ ಕಿಂಡಿ. ಅದರಲ್ಲಿ ಮೊದಲ ಬಾರಿ ಬಂದ ತೆಳು ‘ಬಟರ್‌ಫ್ಲೈ’ ಕೀಲಿಮಣೆ ಧೂಳಿನ ಕಣಕ್ಕೂ ಮುನಿಯುತ್ತದೆಂಬ ದೂರು ಎಷ್ಟು ಬಲಿಯಿತೆಂದರೆ, 2018ರಲ್ಲಿ ಆಪಲ್ ಉಚಿತ ರಿಪೇರಿ ಯೋಜನೆಯನ್ನೇ ಘೋಷಿಸಬೇಕಾಯಿತು. ಐಫಿಕ್ಸಿಟ್ ಸಂಸ್ಥೆ 2017ರ ಮೈಕ್ರೋಸಾಫ್ಟ್ ಸರ್ಫೇಸ್ ಲ್ಯಾಪ್‌ಟಾಪನ್ನು ಬಿಚ್ಚಿ ನೋಡಿ, ರಿಪೇರಿಗೆ ಹತ್ತರಲ್ಲಿ ಸೊನ್ನೆ ಅಂಕ ಕೊಟ್ಟಿತು.

ಈಗ ಎದುರು ಪಕ್ಷದ ವಾದ. ಬೆಸುಗೆ ಹಾಕಿದ್ದು ಬರೀ ದುರಾಸೆಯಿಂದಲ್ಲ. ತೆಳು ಯಂತ್ರಗಳಲ್ಲಿ ಬಳಸುವ ಎಲ್‌ಪಿಡಿಡಿಆರ್ ಮೆಮರಿ ಕಡಿಮೆ ವೋಲ್ಟೇಜಿನಲ್ಲಿ ಕೆಲಸ ಮಾಡುತ್ತದೆ, ಯಂತ್ರ ನಿದ್ದೆಯಲ್ಲಿರುವಾಗ ತೀರಾ ಕಡಿಮೆ ವಿದ್ಯುತ್ ಕುಡಿಯುತ್ತದೆ. ಅದು ಆ ವೇಗದಲ್ಲಿ ಓಡಬೇಕಾದರೆ ಪ್ರೊಸೆಸರಿಗೆ ಅಂಟಿಕೊಂಡಷ್ಟು ಹತ್ತಿರ ಇರಬೇಕು, ಸ್ಲಾಟ್ ಇಟ್ಟರೆ ದಾರಿ ಉದ್ದವಾಗುತ್ತದೆ. ಸಂಜೆ ಮುಚ್ಚಿಟ್ಟ ಲ್ಯಾಪ್‌ಟಾಪು ಬೆಳಿಗ್ಗೆ ತೆರೆದಾಗ ಬ್ಯಾಟರಿ ಹಾಗೇ ಇದ್ದರೆ ಅದರಲ್ಲಿ ಈ ಬೆಸುಗೆಯ ಪಾಲೂ ಇದೆ. 2020ರಿಂದ ಬಂದಿರುವ ಎಂ1 ಜಾತಿಯ ಮ್ಯಾಕ್‌ಬುಕ್ ಏರ್‌ಗಳಿಗೆ ಫ್ಯಾನ್ ಇಲ್ಲ, ಸದ್ದಿಲ್ಲ, ಹಗಲಿಡೀ ಚಾರ್ಜರ್ ನೆನಪಾಗುವುದಿಲ್ಲ. ಚಾರ್ಜರನ್ನು ಕೋಣೆಯಲ್ಲೇ ಬಿಟ್ಟು ಹೊರಡಬಹುದಾದರೆ ಚೀಲದ ಲೆಕ್ಕದಲ್ಲೂ ಅದೇ ಹಗುರ. ಇದನ್ನು ಒಪ್ಪಲೇಬೇಕು. ಆದರೆ ಮೆಮರಿಗಾಗಿ ಹೇಳಿದ ಈ ನೆಪವನ್ನು ಬ್ಯಾಟರಿಗೆ, ಕೀಲಿಮಣೆಗೆ ಹೇಳಲು ಬರುವುದಿಲ್ಲ. ಬ್ಯಾಟರಿಯನ್ನು ಅಂಟು ಹಾಕಿ ಕೂರಿಸುವುದಕ್ಕೂ ನಾಲ್ಕು ಸ್ಕ್ರೂ ಹಾಕಿ ಕೂರಿಸುವುದಕ್ಕೂ ತೂಕದಲ್ಲಿ ಎಷ್ಟು ವ್ಯತ್ಯಾಸವಾದೀತು? ಮೆಮರಿಯ ವಿಷಯದಲ್ಲೂ ಎಲ್‌ಪಿಕ್ಯಾಮ್2 ಎಂಬ ಬಿಚ್ಚಬಹುದಾದ ಜೋಡಣೆ 2024ರಲ್ಲಿ ಲೆನೋವೊದ ಥಿಂಕ್‌ಪ್ಯಾಡ್ ಪಿ1ರಲ್ಲಿ ಬಂದಾಯಿತು. ಅದು ಹಗುರ ಯಂತ್ರಗಳಿಗೆ ಇಳಿಯುವುದು ಆಗಿನ್ನೂ ಬಾಕಿಯಿತ್ತು.

ಜಪಾನಿನವರ ಲೆಕ್ಕವೇ ಬೇರೆ. ರೈಲಿನಲ್ಲಿ ನೇತಾಡಿಕೊಂಡು ಆಫೀಸಿಗೆ ಹೋಗುವ ಜನ ಅವರು, ಗ್ರಾಂ ಗ್ರಾಂಗೂ ಜಗಳಾಡುತ್ತಾರೆ. ಎನ್‌ಇಸಿ 2012ರಲ್ಲಿ ಮೆಗ್ನೀಸಿಯಂ-ಲಿಥಿಯಂ ಮಿಶ್ರಲೋಹದ ಕವಚ ಹಾಕಿ 875 ಗ್ರಾಂನ ಲ್ಯಾಪ್‌ಟಾಪ್ ಮಾಡಿತು. ಫುಜಿತ್ಸು 13.3 ಇಂಚಿನದನ್ನು 634 ಗ್ರಾಂಗೆ ಇಳಿಸಿತು. ಅಷ್ಟು ಇಳಿಸಿಯೂ ಲ್ಯಾನ್ ಕಿಂಡಿ, ಎಚ್‌ಡಿಎಂಐ, ಹಳೆಯ ಯುಎಸ್‌ಬಿ ಎಲ್ಲವನ್ನೂ ಉಳಿಸಿಕೊಂಡರು. ಡಾಂಗಲ್ ಹೊರುವ ಹಂಗಿಲ್ಲ. ಕತ್ತರಿ ಆಡಿಸಿದ್ದು ಬ್ಯಾಟರಿಯ ಮೇಲೆ: ಅದು ಬರೀ 25 ವ್ಯಾಟ್-ಅವರ್‌ನದು. ಪ್ಯಾನಸಾನಿಕ್‌ನ ‘ಲೆಟ್ಸ್‌ನೋಟ್’ ಸಾಲಿನ 12 ಇಂಚಿನ ಮಾದರಿಗಳು ಒಂದು ಕಿಲೋ ಆಸುಪಾಸಿನಲ್ಲೇ ಕಳಚಬಹುದಾದ ಬ್ಯಾಟರಿ ಇಟ್ಟುಕೊಂಡಿವೆ. ತೆಳುವಾಗಿಲ್ಲ, ಚೆಂದವಾಗಿಯೂ ಇಲ್ಲ, ದಪ್ಪಗೆ ಡಬ್ಬಿಯಂತಿವೆ. ಹಗುರವಾಗಿರುವುದೂ ತೆಳುವಾಗಿರುವುದೂ ಎರಡು ಬೇರೆ ಗುಣ ಎಂಬುದಕ್ಕೆ ಅವೇ ಸಾಕ್ಷಿ. ನಮ್ಮಲ್ಲಿ ಎರಡನ್ನೂ ಒಂದೇ ಎಂಬಂತೆ ಮಾರುತ್ತಾರೆ.

ಬಿಚ್ಚುವವರ ಪಾಲಿನ ತೀರ್ಥಕ್ಷೇತ್ರ ಥಿಂಕ್‌ಪ್ಯಾಡ್ ಎಕ್ಸ್ ಸರಣಿ. 2011ರ ಎಕ್ಸ್220, 2012ರ ಎಕ್ಸ್230 ಎರಡೂ 12.5 ಇಂಚಿನವು. ತಳದ ಬಾಗಿಲು ತೆಗೆದರೆ ಎರಡು ಮೆಮರಿ ಸ್ಲಾಟ್, ಪಕ್ಕದ ಸ್ಕ್ರೂ ತೆಗೆದರೆ ಡಿಸ್ಕ್, ಕೀಲಿಮಣೆ ಎತ್ತಿದರೆ ಎಂಸಾಟಾ ಕಿಂಡಿಯಲ್ಲಿ ಇನ್ನೊಂದು ಎಸ್‌ಎಸ್‌ಡಿಗೆ ಜಾಗ. ಬ್ಯಾಟರಿಯಂತೂ ಹಿಂದಿನಿಂದ ಎಳೆದರೆ ಕೈಗೆ ಬರುತ್ತದೆ. ಎಕ್ಸ್220ಯದು ಏಳು ಸಾಲಿನ ಹಳೆಯ ಮಾದರಿಯ ಕೀಲಿಮಣೆ, ಬರೆಯುವವರಿಗೆ ಅದರ ಮೇಲೆ ಪ್ರಾಣ. ಎಕ್ಸ್230ರದು ವೇಗದ ಪ್ರೊಸೆಸರ್, ಆದರೆ ಆರು ಸಾಲಿನ ಕೀಲಿಮಣೆ. ಹಳೆಯದನ್ನು ಹೊಸದಕ್ಕೆ ಕೂರಿಸುವ ಕಲೆಯೇ ಬೆಳೆದಿದೆ. ಕೀಲಿಮಣೆಯ ಅಂಚಿನ ಪ್ಲಾಸ್ಟಿಕ್ ನಾಲಿಗೆಗಳನ್ನು ಅರದಿಂದ ತುಸು ಉಜ್ಜಬೇಕು. ಕನೆಕ್ಟರಿನ ಕೆಲವು ಪಿನ್‌ಗಳ ಮೇಲೆ ಸಣ್ಣ ಟೇಪ್ ಅಂಟಿಸಬೇಕು, ಇಲ್ಲದಿದ್ದರೆ ಹೊಸ ಯಂತ್ರದ ಬ್ಯಾಕ್‌ಲೈಟಿನ ವಿದ್ಯುತ್ತು ಹಳೆಯ ಕೀಲಿಮಣೆಯಲ್ಲಿ ಶಾರ್ಟ್ ಆಗುತ್ತದೆ. ಆಮೇಲೆ ಕೀಲಿಗಳನ್ನು ನೋಡಿಕೊಳ್ಳುವ ಒಳಗಿನ ಚಿಪ್ಪಿನ ಫರ್ಮ್‌ವೇರನ್ನೂ ತಿದ್ದಬೇಕು, ಆಗಲೇ ಎಲ್ಲ ಕೀಲಿಗಳೂ ತಮ್ಮ ಕೆಲಸ ಮಾಡುವುದು.

ಇದೇ ಥಿಂಕ್‌ಪ್ಯಾಡಿಗೆ ಇನ್ನೊಂದು ಮುಖವೂ ಇದೆ. ಎಕ್ಸ್230ಕ್ಕೆ ಹೊಸ ವೈಫೈ ಕಾರ್ಡ್ ಹಾಕಿದರೆ ಪರದೆಯಲ್ಲಿ 1802 ಎಂಬ ದೋಷಸಂಖ್ಯೆ ಬಂದು ಯಂತ್ರ ಮುಂದಕ್ಕೇ ಹೋಗದು. ಕಂಪನಿ ಒಪ್ಪಿದ ಕಾರ್ಡುಗಳ ಪಟ್ಟಿ ಬಯೋಸ್‌ನೊಳಗೆ ಕೂತಿದೆ. ಸ್ಕ್ರೂ ಸಡಿಲವಿದ್ದರೂ ಬೀಗ ಸಾಫ್ಟ್‌ವೇರಿನಲ್ಲಿತ್ತು. ಅದನ್ನು ಮುರಿಯಲು ಜನ ಅಂಗೈ ಊರುವ ಭಾಗವನ್ನು ಎತ್ತಿ, ಬೋರ್ಡಿನ ಮೇಲಿನ ಎಂಟು ಕಾಲಿನ ಪುಟ್ಟ ಚಿಪ್ಪಿಗೆ ಕ್ಲಿಪ್ ಸಿಕ್ಕಿಸಿ, ಕೋರ್‌ಬೂಟ್ ಎಂಬ ಮುಕ್ತ ಫರ್ಮ್‌ವೇರ್ ಬರೆದರು. ಚೀನಾದ ಹವ್ಯಾಸಿಗಳ ಗುಂಪೊಂದು ಇನ್ನೂ ಮುಂದೆ ಹೋಗಿ ಹಳೆಯ ಥಿಂಕ್‌ಪ್ಯಾಡ್ ಕವಚಗಳಿಗೆ ಹೊಂದುವ ಹೊಚ್ಚಹೊಸ ಮದರ್‌ಬೋರ್ಡುಗಳನ್ನೇ ಮಾಡಿ ಮಾರಿತು, ಎಕ್ಸ್62, ಎಕ್ಸ್210 ಎಂಬ ಹೆಸರಿನಲ್ಲಿ. ಕಂಪನಿ ನಿಲ್ಲಿಸಿದ್ದನ್ನು ಗಿರಾಕಿಗಳು ಮುಂದುವರಿಸಿದ ಇಂಥ ಉದಾಹರಣೆ ಕಂಪ್ಯೂಟರ್ ಲೋಕದಲ್ಲಿ ಅಪರೂಪ.

ಇದೇ ಆಸೆಯನ್ನು ನೇರವಾಗಿ ವ್ಯಾಪಾರ ಮಾಡಿದ್ದು 2021ರಲ್ಲಿ ಬಂದ ಫ್ರೇಮ್‌ವರ್ಕ್. 13.5 ಇಂಚು, 1.3 ಕಿಲೋ. ಪೆಟ್ಟಿಗೆಯೊಳಗೆ ಸ್ಕ್ರೂಡ್ರೈವರ್ ಇಟ್ಟೇ ಕಳಿಸುತ್ತಾರೆ. ಕಿಂಡಿಗಳು ಬದಲಿಸಬಹುದಾದ ಪುಟ್ಟ ಬಿಲ್ಲೆಗಳು, ಉಪನ್ಯಾಸಕ್ಕೆ ಹೊರಟ ದಿನ ಎಚ್‌ಡಿಎಂಐ ಸಿಕ್ಕಿಸಿಕೊಳ್ಳಬಹುದು, ಉಳಿದ ದಿನ ಯುಎಸ್‌ಬಿ. ಅದೇ ಕವಚಕ್ಕೆ ಇಂಟೆಲ್‌ನ ಹನ್ನೊಂದನೆಯ ಪೀಳಿಗೆಯಿಂದ ಹಿಡಿದು ಎಎಂಡಿಯ ಹೊಸ ಪ್ರೊಸೆಸರ್‌ಗಳವರೆಗೆ ಬೋರ್ಡುಗಳು ಬಂದಿವೆ. ಬಿಚ್ಚಲು ಬರುವ ಯಂತ್ರ ದಪ್ಪವೂ ಭಾರವೂ ಆಗಿರಲೇಬೇಕು ಎಂಬ ಮಾತಿಗೆ ಇದು ಉತ್ತರ. ಬೆಲೆ ಮಾತ್ರ ಮೇಲ್ವರ್ಗದ್ದೇ. ಬರ್ಲಿನ್‌ನ ಎಂಎನ್‌ಟಿ ರಿಫಾರ್ಮ್ ಎಂಬುದೂ ಇದೆ, ನಕಾಶೆ ಸಮೇತ ಎಲ್ಲವೂ ಮುಕ್ತ. ಅದು ಹವ್ಯಾಸಿಗಳ ಆನಂದ, ನಾಳೆ ಬೆಳಿಗ್ಗೆ ಕಲಬುರಗಿಗೆ ರೈಲು ಹತ್ತುವವರಿಗೆ ಹೇಳುವಂಥದ್ದಲ್ಲ.

ಕಲಬುರಗಿ ರೈಲಿನವರಿಗೆ ದಾರಿ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿದೆ. ಐಟಿ ಕಂಪನಿಗಳು ಮೂರು-ನಾಲ್ಕು ವರ್ಷದ ಲೀಸ್ ಮುಗಿಸಿ ಬಿಟ್ಟ ಯಂತ್ರಗಳು ರೀಫರ್ಬಿಶ್ ಆಗಿ ಅಲ್ಲಿ ಗೋಡೆಯುದ್ದಕ್ಕೂ ಪೇರಿಸಿ ನಿಂತಿರುತ್ತವೆ. ‘ಲೀಸ್ ರಿಟರ್ನ್ ಮಾಲು ಸಾರ್, ಒಂದು ಗೀರೂ ಇಲ್ಲ’ ಎನ್ನುತ್ತಾರೆ. ಗೀರು ಮುಖ್ಯವೇ ಅಲ್ಲ. ಮೊದಲು ಬಯೋಸ್ ತೆರೆಯಿರಿ, ಹಳೆಯ ಕಂಪನಿಯ ಪಾಸ್‌ವರ್ಡ್ ಕೇಳಿದರೆ ಯಂತ್ರ ಅಲ್ಲೇ ಕೆಳಗಿಡಿ. ಮುಚ್ಚಳವನ್ನು ಒಂದೇ ಬೆರಳಲ್ಲಿ ಮೂಲೆ ಹಿಡಿದು ಎತ್ತಿ, ಕೀಲು ಸಡಿಲವಾಗಿದ್ದರೆ ಪರದೆ ನಡುಗುತ್ತದೆ. ವಿಂಡೋಸ್‌ನ ಕಮಾಂಡ್ ಕಿಟಕಿಯಲ್ಲಿ ಬ್ಯಾಟರಿ ವರದಿ ತೆಗೆದರೆ, ಹೊಸದಿದ್ದಾಗಿನ ಸಾಮರ್ಥ್ಯವೆಷ್ಟು, ಈಗೆಷ್ಟು ಎಂದು ಎರಡೂ ಸಿಗುತ್ತವೆ. ಟಚ್‌ಪ್ಯಾಡ್ ಒತ್ತಿದಾಗ ಗಟ್ಟಿಯಾಗಿ ನಿಂತು ಅಲುಗದಿದ್ದರೆ, ತಳ ಸಮತಟ್ಟಾಗಿ ಕೂರದಿದ್ದರೆ, ಒಳಗೆ ಬ್ಯಾಟರಿ ಉಬ್ಬಿರುವ ಸಾಧ್ಯತೆ ಇದೆ.

ಯಾವುದನ್ನು ಆರಿಸಬೇಕು ಎಂಬಲ್ಲಿ ಒಂದು ಗೆರೆ 2025ರ ಅಕ್ಟೋಬರ್ 14ಕ್ಕೆ ಬಿದ್ದಿದೆ. ಆ ದಿನ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಎಂಟನೆಯ ಪೀಳಿಗೆಯ ಪ್ರೊಸೆಸರ್ ಬೇಕು. ಥಿಂಕ್‌ಪ್ಯಾಡ್ ಎಕ್ಸ್270 ಆರು-ಏಳನೆಯ ಪೀಳಿಗೆಯದು, ಗೆರೆಯ ಆಚೆ ಉಳಿಯಿತು. ಹಾಗೆ ನೋಡಿದರೆ ಪ್ರಯಾಣಕ್ಕೆ ಅಷ್ಟು ಹೇಳಿಮಾಡಿಸಿದ ಯಂತ್ರ ಇನ್ನೊಂದಿಲ್ಲ: ಒಳಗೊಂದು ಬ್ಯಾಟರಿ, ಹೊರಗೊಂದು ಬ್ಯಾಟರಿ. ಯಂತ್ರ ಚಾಲೂ ಇರುವಾಗಲೇ ಹೊರಗಿನದನ್ನು ಕಳಚಿ ಇನ್ನೊಂದನ್ನು ಸಿಕ್ಕಿಸಬಹುದು. ಲಿನಕ್ಸ್ ಒಗ್ಗುವವರಿಗೆ ಅದೇ ಈಗ ಅಗ್ಗದ ಮಾಲು. ವಿಂಡೋಸೇ ಬೇಕೆನ್ನುವವರು ಅದರ ತಮ್ಮ ಎಕ್ಸ್280 ನೋಡಿದರೆ ಮೆಮರಿ ಬೆಸುಗೆಯದು, ಹೊರಗಿನ ಬ್ಯಾಟರಿಯೂ ಮಾಯ. ಅದರ ಬದಲು ಡೆಲ್ ಲ್ಯಾಟಿಟ್ಯೂಡ್ 7290 ನೋಡಬಹುದು, ಒಂದು ಮೆಮರಿ ಸ್ಲಾಟ್ ಇದೆ. ಎಚ್‌ಪಿ ಎಲೀಟ್‌ಬುಕ್ 830 ಜಿ5 ಸ್ವಲ್ಪ ದೊಡ್ಡದು, 13.3 ಇಂಚು, ಆದರೆ ಸ್ಲಾಟ್ ಎರಡು. ನನ್ನನ್ನು ಕೇಳಿದರೆ ಎಲೀಟ್‌ಬುಕ್. ಎಂಟು ಜಿಬಿ ಇದ್ದದ್ದನ್ನು ಕೊಂಡು, ಕೈ ಆಡಿದಾಗ ಹದಿನಾರು ಮಾಡಿಕೊಳ್ಳಬಹುದು. ಕಳೆದುಹೋದರೂ ಹೊಟ್ಟೆ ಉರಿಯುವುದು ಒಂದು ವಾರ, ಒಂದು ವರ್ಷವಲ್ಲ. ಬಸ್ಸಿನ ಲಗೇಜ್ ಕ್ಯಾರಿಯರಿನಲ್ಲಿ ಬ್ಯಾಗಿಟ್ಟು ನಿದ್ದೆ ಹೋಗುವವರಿಗೆ ಇದೂ ಒಂದು ಲೆಕ್ಕವೇ.

ಅಮೆರಿಕದಿಂದ ಬರುವ ನೆಂಟರ ಕೈಲಿ ತರಿಸುವುದು ಇನ್ನೊಂದು ರೂಢಿ. ಹದಿನೆಂಟು ತುಂಬಿದ ಪ್ರಯಾಣಿಕರು ಒಂದು ಲ್ಯಾಪ್‌ಟಾಪನ್ನು ಸುಂಕವಿಲ್ಲದೆ ತರಬಹುದು. ವಾರಂಟಿ ಇಲ್ಲಿ ನಡೆಯುತ್ತದೆಯೇ ಎಂದು ಮಾದರಿಯ ಹೆಸರು ಹಿಡಿದು ಮೊದಲೇ ವಿಚಾರಿಸಬೇಕು, ಅಷ್ಟೇ.

ಈಗ ಕರೆಂಟಿನ ಮಾತು. ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ಬರೆದಿರುವ ವ್ಯಾಟ್-ಅವರ್ ಒಂದನ್ನು ನೋಡಿದರೆ ಸಾಕು. 48 ವ್ಯಾಟ್-ಅವರ್ ಬ್ಯಾಟರಿ, ಬರವಣಿಗೆಯಂಥ ಕೆಲಸಕ್ಕೆ ಯಂತ್ರ ಗಂಟೆಗೆ 6 ವ್ಯಾಟ್-ಅವರ್ ಕುಡಿದರೆ ಎಂಟು ಗಂಟೆ. ಬಿಸಿಲಲ್ಲಿ ಕೂತು ಪರದೆಯ ಬೆಳಕು ಪೂರ್ತಿ ಏರಿಸಿದರೆ ಲೆಕ್ಕ ತಲೆಕೆಳಗು. ವಿಮಾನದಲ್ಲಿ 100 ವ್ಯಾಟ್-ಅವರ್‌ವರೆಗಿನ ಬ್ಯಾಟರಿಗೆ ವಿಶೇಷ ಅನುಮತಿ ಬೇಡ, 100ರಿಂದ 160ರವರೆಗೆ ವಿಮಾನ ಕಂಪನಿಯ ಒಪ್ಪಿಗೆ ಬೇಕು. ಬಿಡಿ ಬ್ಯಾಟರಿ, ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಸಾಮಾನಿಗೆ ಹಾಕುವಂತಿಲ್ಲ. ಎಕ್ಸ್220ಯ ಅತಿ ದೊಡ್ಡ ಹಿಂಬದಿ ಬ್ಯಾಟರಿ 94 ವ್ಯಾಟ್-ಅವರ್, ಗೆರೆಯ ಒಳಗೇ. ಪವರ್ ಬ್ಯಾಂಕಿನ ಎಂಎಎಚ್ ಅಂಕಿಯನ್ನು 3.7ರಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ 20,000ದ್ದು 74 ವ್ಯಾಟ್-ಅವರ್, 30,000ದ್ದು 111. ಎರಡನೆಯದು ಭದ್ರತಾ ತಪಾಸಣೆಯಲ್ಲಿ ಕೈಬಿಟ್ಟುಹೋಗಬಹುದು. ಈ ನಿಯಮಗಳೂ ಯಾವಾಗ ಬೇಕಾದರೂ ಬಿಗಿಯಾಗುತ್ತವೆ. 2017ರ ಮಾರ್ಚ್‌ನಲ್ಲಿ ದುಬೈ, ಅಬುಧಾಬಿ, ದೋಹಾ ಮುಂತಾದ ನಿಲ್ದಾಣಗಳಿಂದ ಅಮೆರಿಕಕ್ಕೆ ಹೊರಟ ವಿಮಾನಗಳಲ್ಲಿ ಕೈಯಲ್ಲಿ ಲ್ಯಾಪ್‌ಟಾಪ್ ಒಯ್ಯುವುದನ್ನೇ ಕೆಲವು ತಿಂಗಳು ನಿಷೇಧಿಸಿದ್ದರು. ಕೊಲ್ಲಿ ಮಾರ್ಗವಾಗಿ ಹೋಗುವ ನಮ್ಮವರೂ ಅದರಲ್ಲಿ ಸಿಕ್ಕಿಕೊಂಡರು.

ರೈಲಿನಲ್ಲಿ ಕಥೆ ಬೇರೆ. ಹಳೆಯ ಬೋಗಿಗಳ ಪ್ಲಗ್ 110 ವೋಲ್ಟಿನದು, ಮೊಬೈಲ್‌ಗಾಗಿ ಎಂದು ಬರೆದಿರುತ್ತದೆ. 100ರಿಂದ 240 ಎಂದು ನಮೂದಿಸಿದ ಸಣ್ಣ ಚಾರ್ಜರ್ ಅಲ್ಲಿ ಹೇಗೋ ಸಾಗುತ್ತದೆ, ಇಟ್ಟಿಗೆಯಂಥ 90 ವ್ಯಾಟಿನದನ್ನು ಸಿಕ್ಕಿಸಿದರೆ ಸಾಕೆಟ್ಟೇ ಜೋತುಬೀಳುತ್ತದೆ. ಬೆಂಕಿಯ ಭಯದಿಂದ ರಾತ್ರಿ 11ರಿಂದ ಬೆಳಗಿನ 5ರವರೆಗೆ ಚಾರ್ಜಿಂಗ್ ಪಾಯಿಂಟ್ ಬಂದ್ ಮಾಡುವ ಕ್ರಮ 2021ರಲ್ಲಿ ಸುದ್ದಿಯಾಗಿತ್ತು. ಚೀಲದ ತೂಕ ಇಳಿಸುವ ಅತ್ಯಂತ ಸುಲಭದ ಮಾರ್ಪಾಡು ಇಲ್ಲೇ ಇದೆ: ಹಳೆಯ ಇಟ್ಟಿಗೆ ಬಿಟ್ಟು 65 ವ್ಯಾಟಿನ ಗ್ಯಾನ್ ಚಾರ್ಜರ್ ಒಂದನ್ನು ಕೊಳ್ಳುವುದು. ಫೋನಿಗೂ ಲ್ಯಾಪ್‌ಟಾಪಿಗೂ ಅದೊಂದೇ. ದುಂಡು ಪಿನ್ನಿನ ಹಳೆಯ ಥಿಂಕ್‌ಪ್ಯಾಡ್‌ಗೆ, ಚಾರ್ಜರಿನಿಂದ 20 ವೋಲ್ಟ್ ಕೇಳಿ ಪಡೆಯುವ ‘ಪಿಡಿ ಟ್ರಿಗರ್’ ಕೇಬಲ್ ಸಿಗುತ್ತದೆ. ಯುರೋಪಿನಲ್ಲಿ ಲ್ಯಾಪ್‌ಟಾಪ್‌ಗಳಿಗೂ ಯುಎಸ್‌ಬಿ-ಸಿ ಕಡ್ಡಾಯವಾಗಲು 2026ರ ಏಪ್ರಿಲ್ 28 ಎಂದು ಗಡುವು ಇಟ್ಟದ್ದರ ಲಾಭ ನಮಗೂ ಬರುತ್ತದೆ.

ಸಾಫ್ಟ್‌ವೇರ್ ಒಗ್ಗಿಸಿಕೊಳ್ಳುವುದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಡಿಸ್ಕ್ ಪೂರ್ತಿ ಎನ್‌ಕ್ರಿಪ್ಟ್ ಮಾಡಿ, ಕದ್ದವರಿಗೆ ಕಬ್ಬಿಣ ಮಾತ್ರ ದಕ್ಕಲಿ. ಬ್ಯಾಟರಿ ಶೇಕಡಾ 80ಕ್ಕೆ ನಿಲ್ಲುವಂತೆ ಮಿತಿ ಹಾಕಿ, ಪ್ರಯಾಣದ ಹಿಂದಿನ ರಾತ್ರಿ ಮಾತ್ರ ನೂರಕ್ಕೆ ಏರಿಸಿ. ಟ್ಯಾಬ್ಲೆಟ್‌ಗೆ ಕೀಲಿಮಣೆ ಸೇರಿಸಿ ಒಯ್ಯುವವರ ವಾದ ನನಗೆ ರುಚಿಸಿಲ್ಲ. ಎರಡೂ ಸೇರಿದ ತೂಕ ಸಣ್ಣ ಲ್ಯಾಪ್‌ಟಾಪಿನಷ್ಟೇ ಆಗುತ್ತದೆ, ಬಸ್ಸಿನಲ್ಲಿ ತೊಡೆಯ ಮೇಲೆ ನಿಲ್ಲುವುದೂ ಇಲ್ಲ.

ಕನ್ನಡದಲ್ಲಿ ಬರೆಯುವವರು ನೋಡಬೇಕಾದ್ದು ಇನ್ನೊಂದಿದೆ, ಇಂಗ್ಲಿಷ್ ವಿಮರ್ಶೆಗಳಲ್ಲಿ ಅದು ಸಿಗುವುದಿಲ್ಲ. 12.5 ಇಂಚಿನ ಪರದೆಯಲ್ಲಿ 1366×768 ಚುಕ್ಕೆ ಇಂಗ್ಲಿಷಿಗೆ ಸಾಕು. ಕನ್ನಡದ ಒತ್ತಕ್ಷರಗಳು ಚಿಕ್ಕ ಗಾತ್ರದಲ್ಲಿ ಕಲಸಿಹೋಗುತ್ತವೆ, ‘ಷ್ಟ್ರ’ದಂಥ ಮೂರು ಮಹಡಿಯ ಅಕ್ಷರ ಓದಲು ಅಕ್ಷರ ದೊಡ್ಡದು ಮಾಡಬೇಕು, ಆಗ ಪುಟದಲ್ಲಿ ಸಾಲುಗಳೇ ಉಳಿಯುವುದಿಲ್ಲ. ಹಳೆಯ ಯಂತ್ರ ಕೊಳ್ಳುವಾಗ ಪೂರ್ಣ ಎಚ್‌ಡಿ ಪರದೆಯದನ್ನೇ ಕೇಳಿ. ಪರದೆಗಿಂತ ಕಾಡುವುದು ಕೀಲಿಮಣೆ. ಯಂತ್ರ ಕುಗ್ಗಿದಾಗ ಇಂಗ್ಲಿಷ್ ಅಕ್ಷರದ ಕೀಲಿಗಳನ್ನು ಯಾರೂ ಮುಟ್ಟುವುದಿಲ್ಲ. ಬಲತುದಿಯ ಅರ್ಧವಿರಾಮ, ಉದ್ಧರಣ ಚಿಹ್ನೆ, ಚೌಕ ಆವರಣದ ಕೀಲಿಗಳನ್ನು ಸಪೂರ ಮಾಡುತ್ತಾರೆ, ಏಳಿಂಚಿನ ಜಿಪಿಡಿ ಪಾಕೆಟ್‌ನಂಥವುಗಳಲ್ಲಿ ಬೇರೆಡೆಗೇ ಸಾಗಿಸುತ್ತಾರೆ. ಇಂಗ್ಲಿಷಿಗೆ ಅವು ವಿರಾಮಚಿಹ್ನೆ ಮಾತ್ರ. ಇನ್‌ಸ್ಕ್ರಿಪ್ಟ್ ಕೀಲಿವಿನ್ಯಾಸ ಬಳಸುವವರಿಗೆ ಅಲ್ಲೇ ಚ, ಟ, ಡ ಕೂತಿವೆ. ಕೆ. ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ‘ನುಡಿ’ ತಂತ್ರಾಂಶದ ಕೀಲಿಮಣೆ ಬಳಸುವವರಿಗೆ ಈ ಸಂಕಟವಿಲ್ಲ. ಅದರಲ್ಲಿ ಕನ್ನಡವಿಡೀ ಇಪ್ಪತ್ತಾರು ಕೀಲಿಗಳಲ್ಲೇ ಮುಗಿಯುತ್ತದೆ, ಟಕಾರ ಕ್ಯೂನಲ್ಲಿ, ಡಕಾರ ಡಬ್ಲ್ಯೂನಲ್ಲಿ. ಲಿನಕ್ಸ್‌ನಲ್ಲೂ ಆ ವಿನ್ಯಾಸ ಸಿಗುತ್ತದೆ. ಇನ್‌ಸ್ಕ್ರಿಪ್ಟ್‌ನವರು ಸಣ್ಣ ಯಂತ್ರ ಕೊಳ್ಳುವ ಮುನ್ನ ಅಂಗಡಿಯಲ್ಲಿ ನಿಂತೇ ‘ಚಟ್ಟಂಬಡೆ’ ಎಂದು ನಾಲ್ಕಾರು ಸಲ ಕುಟ್ಟಿ ನೋಡಬಹುದು. ಮೂರು ಕೀಲಿಗಳೂ ಅದರಲ್ಲಿ ಬರುತ್ತವೆ, ಕಿರುಬೆರಳು ತಡಕಾಡಿದರೆ ಮುಂದಿನ ಅಂಗಡಿಗೆ ನಡೆಯಬಹುದು.